‘ಬ್ಯಾಕ್‌ವರ್ಡ್’ ಅಂದರೆ ಯಾವುದರಲ್ಲಿ, ಯಾರಿಗಿಂತ?

ಬೀದರ್ ಜಿಲ್ಲೆಯಲ್ಲಿ ಮನೆಮಾತು ಕನ್ನಡವಿರಲಿ, ಉರ್ದು, ಮರಾಠಿ, ತೆಲುಗು, ಲಂಬಾಣಿ ಯಾವುದೇ ಇರಲಿ, ಒಂದು ಇಂಗ್ಲಿಷ್ ವಿಶೇಷಣ ಮಾತ್ರ ಎಲ್ಲರ ನಾಲಿಗೆಯ ಮೇಲೂ ಇದೆ. ಅದು ‘ಬ್ಯಾಕ್‌ವರ್ಡ್’. ‘ನಮ್ದು ಬ್ಯಾಕ್‌ವರ್ಡ್ ಏರಿಯಾ ರೀ’ ಎಂಬ ಮಾತು ಔರಾದ್‌ನ ಚಹಾದಂಗಡಿಯಲ್ಲಿ ಕೇಳಿಬರುತ್ತದೆ. ಅದೇ ಶಬ್ದ ಭಾಲ್ಕಿಯ ವಿದ್ಯಾರ್ಥಿನಿ ತುಂಬುವ ವಿದ್ಯಾರ್ಥಿವೇತನದ ಅರ್ಜಿಯಲ್ಲಿದೆ, ಬೀದರ್ ನಗರದ ಸಭೆಗಳ ಭಾಷಣದಲ್ಲಿದೆ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರ ಪ್ರಬಂಧದಲ್ಲಿದೆ. ಆದರೆ ಈ ನಾಲ್ಕು ಕಡೆ ಅದು ಹೇಳುವುದು ಒಂದನ್ನೇ ಅಲ್ಲ. ಅರ್ಜಿಯಲ್ಲಿ ಅದು ಸಮುದಾಯಗಳ ಪಟ್ಟಿಯೊಂದರ ಹೆಸರು. ಭಾಷಣದಲ್ಲಿ ಅನುದಾನದ ಬೇಡಿಕೆ. ಪ್ರಬಂಧದಲ್ಲಿ ಅಂಕಿಅಂಶದ ಮಾತು. ಚಹಾದಂಗಡಿಯಲ್ಲಿ ಅರ್ಧ ದೂರು, ಅರ್ಧ ಸಂಕೋಚ. ಇವನ್ನು ಒಂದರೊಳಗೊಂದು ಬೆರೆಸಿದಾಗ ಅರ್ಜಿ ತಿರಸ್ಕೃತವಾಗುತ್ತದೆ, ಮನವಿ ಬಲ ಕಳೆದುಕೊಳ್ಳುತ್ತದೆ, ಜನ ತಮ್ಮ ಬಗ್ಗೆ ತಾವೇ ತಪ್ಪು ತಿಳಿಯುತ್ತಾರೆ. ಹಾಗಾಗಿ ಈ ಶಬ್ದ ಕಂಡಲ್ಲೆಲ್ಲ ಕೇಳಬೇಕಾದ ಪ್ರಶ್ನೆಗಳಿವೆ: ಯಾರು, ಯಾವುದರಲ್ಲಿ, ಯಾರಿಗಿಂತ, ಯಾವ ವರ್ಷದ ಯಾವ ಪಟ್ಟಿಯ ಪ್ರಕಾರ? ಉತ್ತರ ಸಿಕ್ಕರೆ ಅದು ಕೆಲಸಕ್ಕೆ ಬರುವ ಶಬ್ದ, ಸಿಗದಿದ್ದರೆ ಬರೀ ಬೈಗುಳ.

ಮೊದಲು ಭಾಷೆಯ ಮಟ್ಟದ ಸಣ್ಣ ಸಂಗತಿಗಳನ್ನು ಮುಗಿಸಿಬಿಡೋಣ. ಇಂಗ್ಲಿಷಿನಲ್ಲಿ ‘ಬ್ಯಾಕ್’ ಎಂದರೆ ಹಿಂಭಾಗ, ‘ವರ್ಡ್’ ಎಂಬ ಪ್ರತ್ಯಯಕ್ಕೆ ‘ಕಡೆಗೆ’ ಎಂಬ ಅರ್ಥ. ನಗರಸಭೆಯ ವಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಅಂದರೆ ಶಬ್ದದ ಮೂಲದಲ್ಲಿ ಇರುವುದು ಬರೀ ದಿಕ್ಕು. ಹಿಂದಕ್ಕೆ ತಿರುಗಿ ನೋಡಿದ ನೋಟವೂ ಬ್ಯಾಕ್‌ವರ್ಡ್, ಹಿಂದಕ್ಕಿಟ್ಟ ಹೆಜ್ಜೆಯೂ ಬ್ಯಾಕ್‌ವರ್ಡ್. ಅಲ್ಲಿ ನಿಂದೆಯಿಲ್ಲ. ಅರ್ಥಶಾಸ್ತ್ರದಲ್ಲಿ ‘ಬ್ಯಾಕ್‌ವರ್ಡ್ ಲಿಂಕೇಜ್’ ಎಂಬ ಪಾರಿಭಾಷಿಕ ಪದವಿದೆ: ಭಾಲ್ಕಿ ತಾಲ್ಲೂಕಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಕೊಡುವ ಹೊಲಗಳ ಜೊತೆಗಿನ ನಂಟು ಅದು, ಹಿಂದುಳಿದ ನಂಟು ಅಲ್ಲ. ವ್ಯಾಕರಣದ ಒಂದು ಎಚ್ಚರವೂ ಬೇಕು. ನಾಮಪದದ ಮುಂದೆ ವಿಶೇಷಣವಾಗಿ ಬರುವಾಗ ಕೊನೆಗೆ ‘ಸ್’ ಸೇರುವುದಿಲ್ಲ. ‘ಬ್ಯಾಕ್‌ವರ್ಡ್ಸ್ ಏರಿಯಾ’ ಎಂದು ಇಂಗ್ಲಿಷ್ ಮನವಿಯಲ್ಲಿ ಬರೆದರೆ ತಪ್ಪು. ‘ಸ್’ ಇರುವ ರೂಪ ಕ್ರಿಯಾವಿಶೇಷಣ, ‘ಹಿಂದಕ್ಕೆ ನಡೆದ’ ಎನ್ನುವಾಗ ಬಳಸುವಂಥದ್ದು. ಹಾಗೆಯೇ ನೇಮಕಾತಿ ಪ್ರಕಟಣೆಯಲ್ಲಿ ಕಾಣುವ ‘ಬ್ಯಾಕ್‌ಲಾಗ್’ ಹುದ್ದೆ ಬೇರೆ. ಹಿಂದಿನ ವರ್ಷಗಳಲ್ಲಿ ಮೀಸಲಾಗಿದ್ದೂ ತುಂಬದೆ ಉಳಿದ ಹುದ್ದೆ ಅದು. ‘ಬ್ಯಾಕ್‌ವರ್ಡ್ ಪೋಸ್ಟ್’ ಎಂದು ಓದಿಕೊಂಡು ಇನ್ನಾವುದೋ ಪ್ರವರ್ಗದವರು ಅರ್ಜಿ ಹಾಕಿದರೆ ಶುಲ್ಕ ಹೋಯಿತು, ಅಷ್ಟೇ.

ದಿಕ್ಕನ್ನು ಹೇಳುತ್ತಿದ್ದ ಶಬ್ದ ಕಾಲಕ್ರಮದಲ್ಲಿ ಬೆಳವಣಿಗೆಯನ್ನು ಅಳೆಯುವ ಶಬ್ದವಾಯಿತು. ಸಮಾಜಗಳೆಲ್ಲ ಒಂದೇ ದಾರಿಯಲ್ಲಿ ಮುಂದಕ್ಕೆ ಸಾಗುತ್ತಿವೆ, ಕೆಲವರು ಮುಂದಿದ್ದಾರೆ, ಕೆಲವರು ಹಿಂದಿದ್ದಾರೆ ಎಂಬ ಕಲ್ಪನೆ ಅದರೊಳಗೆ ಸೇರಿಕೊಂಡಿತು. ಇಂಗ್ಲಿಷ್ ವಿಶೇಷಣ ಇದನ್ನು ಸ್ವಭಾವದ ಹಾಗೆ ಹೇಳಿ ಮುಗಿಸುತ್ತದೆ: ಇವರು ಹೀಗೆ. ಬೀದರಿನ ಭಾಷೆಗಳು ಹಾಗೆ ಹೇಳುವುದಿಲ್ಲ. ಕನ್ನಡದ ‘ಹಿಂದುಳಿದ’ ಕ್ರಿಯಾಪದದಿಂದ ಬಂದದ್ದು; ಏನೋ ಒಂದು ನಡೆಯಿತು, ಅದರಿಂದ ಹಿಂದೆ ಉಳಿಯಬೇಕಾಯಿತು ಎಂಬ ಘಟನೆ ಅದರಲ್ಲಿದೆ. ಉರ್ದುವಿನ ‘ಪಸ್‌ಮಾಂದಾ’ ಪದ ಫಾರ್ಸಿಯಿಂದ ಬಂದದ್ದು, ‘ಪಸ್’ ಎಂದರೆ ಹಿಂದೆ, ‘ಮಾಂದಾ’ ಎಂದರೆ ಉಳಿದ. ಕನ್ನಡದ ಪದವನ್ನು ಪಕ್ಕದಲ್ಲಿಟ್ಟುಕೊಂಡೇ ಕಟ್ಟಿದಂತಿದೆ. ಔರಾದ್ ಕಡೆ ಕೇಳುವ ಮರಾಠಿಯ ‘ಮಾಗಾಸಲೇಲಾ’ ಕೂಡ ಹಿಂದೆ ಬಿದ್ದ ಘಟನೆಯನ್ನೇ ಹೇಳುತ್ತದೆ. ಸ್ಥಿತಿಗೆ ಕಾರಣವೊಂದು ಇರಲೇಬೇಕು ಎಂದು ಈ ಮೂರು ಭಾಷೆಗಳೂ ಒಪ್ಪಿಕೊಂಡಿವೆ. ಜಿಲ್ಲೆಯ ಜನ ಅವನ್ನು ಬಿಟ್ಟು ಇಂಗ್ಲಿಷಿನದನ್ನೇ ಹಿಡಿದಿರುವುದಕ್ಕೆ ಕಾರಣ ಸರಳ: ಕಚೇರಿಯ ಕಾಗದ ಬಂದದ್ದು ಆ ಭಾಷೆಯಲ್ಲಿ.

ಆ ಕಾಗದಗಳಲ್ಲಿ ಮೊದಲನೆಯದು ಸಂವಿಧಾನ. 16(4)ನೆಯ ವಿಧಿ ನೌಕರಿಯ ಸಂದರ್ಭದಲ್ಲಿ ಹಿಂದುಳಿದ ನಾಗರಿಕ ವರ್ಗದ ಮಾತಾಡುತ್ತದೆ. 1951ರ ಮೊದಲ ತಿದ್ದುಪಡಿಯಿಂದ ಬಂದ 15(4) ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗ’ ಎನ್ನುತ್ತದೆ. ಇಲ್ಲಿನ ‘ಮತ್ತು’ ಎಷ್ಟು ತೂಕದ್ದು ಎಂಬುದು ಕರ್ನಾಟಕದ ಪ್ರಕರಣದಲ್ಲೇ ತೀರ್ಮಾನವಾಯಿತು. ಅಂದಿನ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ತಾಂತ್ರಿಕ ಕಾಲೇಜುಗಳಲ್ಲಿ ಶೇ 68ರಷ್ಟು ಸೀಟುಗಳನ್ನು ಮೀಸಲಿಟ್ಟು 1962ರಲ್ಲಿ ಆದೇಶ ಹೊರಡಿಸಿತ್ತು. ಅದರಲ್ಲಿ ಶೇ 28 ಹಿಂದುಳಿದವರಿಗೆ, ಶೇ 22 ಹೆಚ್ಚು ಹಿಂದುಳಿದವರಿಗೆ. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ಆ ಆದೇಶವನ್ನು ರದ್ದು ಮಾಡಿ, ಎರಡರಲ್ಲಿ ಒಂದರಲ್ಲಿ ಹಿಂದುಳಿದರೆ ಸಾಲದು, ಎರಡರಲ್ಲೂ ಹಿಂದುಳಿದಿರಬೇಕು ಎಂದಿತು. ಹಿಂದುಳಿದವರು, ಹೆಚ್ಚು ಹಿಂದುಳಿದವರು ಎಂಬ ವಿಂಗಡಣೆಯನ್ನೂ ಒಪ್ಪಲಿಲ್ಲ. ಅಂಥ ವಿಂಗಡಣೆ ಸಾಧ್ಯ ಎಂದು ಅದೇ ನ್ಯಾಯಾಲಯ ಹೇಳಿದ್ದು 1992ರಲ್ಲಿ, ಇಂದ್ರಾ ಸಾಹ್ನಿ ಪ್ರಕರಣದಲ್ಲಿ. ಮೂವತ್ತು ವರ್ಷ ಒಂದು ವಿಶೇಷಣದ ಮುಂದೆ ‘ಹೆಚ್ಚು’ ಹಾಕಬಹುದೇ ಬೇಡವೇ ಎಂಬ ಪ್ರಶ್ನೆ ಬಾಕಿ ಇತ್ತು ಎನ್ನಬಹುದು. ಹಳೆ ಮೈಸೂರಿನಲ್ಲಿ ಈ ಚರ್ಚೆ 1918ರ ಮಿಲ್ಲರ್ ಸಮಿತಿಯಿಂದಲೇ ನಡೆದುಬಂದದ್ದು. ನಿಜಾಮರ ಆಡಳಿತದಲ್ಲಿದ್ದ ಬೀದರಿಗೆ ಅದು 1956ರ ರಾಜ್ಯ ಪುನರ್ವಿಂಗಡಣೆಯೊಂದಿಗೆ, ಬೇರೆಯವರ ಜಗಳ ಆಗಲೇ ಅರ್ಧ ಮುಗಿದಿದ್ದಾಗ ಬಂತು.

ಈಗಿನ ವ್ಯವಹಾರಕ್ಕೆ ತಿಳಿದಿರಬೇಕಾದದ್ದು ಇಷ್ಟು. ಕರ್ನಾಟಕದ ಪಟ್ಟಿಯಲ್ಲಿ ಹಿಂದುಳಿದ ವರ್ಗಗಳು ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಐದು ಗುಂಪಾಗಿವೆ. ಮೀಸಲಾತಿ ಕ್ರಮವಾಗಿ ಶೇ 4, 15, 4, 4, 5, ಒಟ್ಟು ಶೇ 32. ಪ್ರವರ್ಗ 1ಕ್ಕೆ ಆದಾಯದ ಮಿತಿ ಇಲ್ಲ, ಉಳಿದವಕ್ಕೆ ಇದೆ. ಕೇಂದ್ರದ ಒಬಿಸಿ ಪಟ್ಟಿ ಬೇರೆಯೇ ಕಡತ. ಎಡವುವವರು ಹೆಚ್ಚಾಗಿ ಇಲ್ಲಿಯೇ. ಭಾಲ್ಕಿಯ ಲಿಂಗಾಯತ ಯುವಕ ರಾಜ್ಯದ ನೌಕರಿಗೆ 3ಬಿ ಅಡಿಯಲ್ಲಿ ಹಿಂದುಳಿದವನು. ಕೇಂದ್ರದ ಪಟ್ಟಿಯಲ್ಲಿ ಲಿಂಗಾಯತ ಸಮುದಾಯ ಇಡಿಯಾಗಿ ಇಲ್ಲ, ಕೆಲವು ಉಪಪಂಗಡಗಳು ಮಾತ್ರ ಇವೆ. ಹಾಗಾಗಿ ರೈಲ್ವೆಗೋ ಬ್ಯಾಂಕಿಗೋ ಅರ್ಜಿ ಹಾಕುವಾಗ ಅವನು ಸಾಮಾನ್ಯ ವರ್ಗದವನಾಗಬಹುದು; ಆದಾಯ, ಆಸ್ತಿಯ ಷರತ್ತುಗಳು ಹೊಂದಿದರೆ ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರ ಅವನಿಗೆ ದಾರಿ. ನಾಡಕಚೇರಿಯಲ್ಲಿ ಕೇಳುವಾಗ ‘ಬ್ಯಾಕ್‌ವರ್ಡ್ ಸರ್ಟಿಫಿಕೇಟ್ ಬೇಕು’ ಎಂದಷ್ಟೇ ಹೇಳದೆ, ರಾಜ್ಯದ್ದೋ ಕೇಂದ್ರದ್ದೋ, ಯಾವ ನೌಕರಿಗೆ ಎಂದು ಮೊದಲೇ ಹೇಳುವುದರಿಂದ ಒಂದು ಸುತ್ತು ಓಡಾಟ ಉಳಿಯುತ್ತದೆ.

ವರ್ಗದ ಮಾತು ಬಿಟ್ಟು ಪ್ರದೇಶಕ್ಕೆ ಬಂದರೆ ಶಬ್ದದ ನೆಲೆಯೇ ಬದಲಾಗುತ್ತದೆ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ ಮತ್ತು ವ್ಯಾಪಾರ, ರಸ್ತೆ-ವಿದ್ಯುತ್ತಿನಂಥ ಸೌಕರ್ಯ, ಶಾಲೆ-ಆಸ್ಪತ್ರೆಯಂಥ ಸೌಕರ್ಯ, ಜನಸಂಖ್ಯೆಯ ಲಕ್ಷಣ ಹೀಗೆ 35 ಮಾನದಂಡಗಳನ್ನಿಟ್ಟುಕೊಂಡು ಅಂದಿನ 175 ತಾಲ್ಲೂಕುಗಳಿಗೂ ಒಂದೊಂದು ಸೂಚ್ಯಂಕ ಕೊಟ್ಟಿತು. ರಾಜ್ಯದ ಸರಾಸರಿ 1. ಅದಕ್ಕೆ ಸಮ ಅಥವಾ ಮೇಲಿದ್ದರೆ ಸಾಪೇಕ್ಷವಾಗಿ ಅಭಿವೃದ್ಧಿ ಹೊಂದಿದ ತಾಲ್ಲೂಕು, 0.89ರಿಂದ 0.99ರವರೆಗೆ ಹಿಂದುಳಿದದ್ದು, 0.80ರಿಂದ 0.88 ಅತಿ ಹಿಂದುಳಿದದ್ದು. ಅದಕ್ಕೂ ಕೆಳಗೆ ಅತ್ಯಂತ ಹಿಂದುಳಿದದ್ದು. ಒಟ್ಟು 114 ತಾಲ್ಲೂಕುಗಳು ಮೂರು ಬಗೆಯ ಹಿಂದುಳಿದ ಪಟ್ಟಿಗೆ ಸೇರಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ಬೀದರ್ ಜಿಲ್ಲೆಯ ಅಂದಿನ ಐದು ತಾಲ್ಲೂಕುಗಳಲ್ಲಿ ಔರಾದ್, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್ ನಾಲ್ಕೂ ಈ ಕೊನೆಯ ಗುಂಪಿಗೆ ಬಿದ್ದವು. ಬೀದರ್ ತಾಲ್ಲೂಕು? ಅದು ಅಭಿವೃದ್ಧಿ ಹೊಂದಿದ ತಾಲ್ಲೂಕುಗಳ ಸಾಲಿನಲ್ಲಿತ್ತು; ಇಡೀ ವಿಭಾಗದಲ್ಲಿ ಬಳ್ಳಾರಿ, ಹೊಸಪೇಟೆ ಬಿಟ್ಟರೆ ಆ ಸಾಲಿಗೆ ಸೇರಿದ್ದು ಅದೊಂದೇ, ಕಲಬುರಗಿ ತಾಲ್ಲೂಕಿಗೂ ಆ ಭಾಗ್ಯ ಇರಲಿಲ್ಲ. ‘ಬೀದರ್ ಬ್ಯಾಕ್‌ವರ್ಡ್’ ಎಂದು ಒಂದೇ ಉಸಿರಿನಲ್ಲಿ ಹೇಳುವವರು ಈ ಸಾಲನ್ನು ಓದಿರುವುದಿಲ್ಲ.

ಹಾಗಾದರೆ ಬೀದರ್ ನಗರದವರು ಮುಂದುವರಿದವರು ಎಂದು ತೀರ್ಮಾನಿಸಬೇಕೇ? ಅದೂ ಅವಸರದ ಮಾತು. ಜಿಲ್ಲಾ ಕೇಂದ್ರದಲ್ಲಿ ಆಸ್ಪತ್ರೆ, ಬ್ಯಾಂಕು, ಕಾಲೇಜು, ಕಾರ್ಖಾನೆಗಳು ಒಟ್ಟುಗೂಡಿರುತ್ತವೆ. ಅವುಗಳನ್ನು ಬಳಸುವವರು ಔರಾದ್‌ನಿಂದಲೂ ಬರುತ್ತಾರೆ, ಆದರೆ ಲೆಕ್ಕ ಬೀಳುವುದು ಬೀದರ್ ತಾಲ್ಲೂಕಿಗೆ. ಸೂಚ್ಯಂಕ ಹೇಳುವುದು ಸೌಕರ್ಯ ಎಲ್ಲಿದೆ ಎಂಬುದನ್ನು, ಅದು ಯಾರ ಕೈಗೆ ಎಟಕುತ್ತದೆ ಎಂಬುದನ್ನಲ್ಲ. ಕೋಟೆಯ ಒಳಗಿನ ಹಳೆ ಓಣಿಯ ಬಡ ಕುಟುಂಬಕ್ಕೆ ತಾನಿರುವ ತಾಲ್ಲೂಕಿನ ಸೂಚ್ಯಂಕ 1 ದಾಟಿದೆ ಎಂಬುದರಿಂದ ಆಗುವುದೇನೂ ಇಲ್ಲ. ಇನ್ನೊಂದು ತಿರುವು ಇಂಗ್ಲಿಷಿನದು. ಶಾಲೆಯಲ್ಲಿ ಕಲಿತ ಪ್ರಕಾರ ‘ಮೋಸ್ಟ್’ ಬಂದರೆ ಎಲ್ಲರಿಗಿಂತ ಕೊನೆಯದು ಒಂದೇ ಇರಬೇಕು. ವರದಿಯಲ್ಲಿ 39 ತಾಲ್ಲೂಕುಗಳು ‘ಮೋಸ್ಟ್ ಬ್ಯಾಕ್‌ವರ್ಡ್’. ಅದು ಗುಂಪಿನ ಹೆಸರು, ಸ್ಥಾನವಲ್ಲ. ‘ಔರಾದ್ ಕರ್ನಾಟಕದಲ್ಲೇ ಅತ್ಯಂತ ಹಿಂದುಳಿದ ತಾಲ್ಲೂಕು’ ಎಂದು ಬರೆಯುವವರು ಗುಂಪಿನ ಹೆಸರನ್ನು ಸ್ಥಾನವೆಂದು ಓದಿರುತ್ತಾರೆ. ಆ ವರದಿಯ ಲೆಕ್ಕದಲ್ಲಿ ತಳದಲ್ಲಿದ್ದದ್ದು ರಾಯಚೂರು ಜಿಲ್ಲೆಯ ದೇವದುರ್ಗ. ಬೆಂಗಳೂರಿನ ಬಗಲಲ್ಲೇ ಇರುವ ಕನಕಪುರ, ಮಾಗಡಿಗಳೂ ಔರಾದ್ ಜೊತೆಗೆ ಅದೇ ಗುಂಪಿನಲ್ಲಿದ್ದವು ಎಂಬುದನ್ನು ‘ಉತ್ತರ ಹಿಂದೆ, ದಕ್ಷಿಣ ಮುಂದೆ’ ಎಂದು ಸಲೀಸಾಗಿ ಹೇಳುವವರೂ ಗಮನಿಸಬೇಕು.

ದೆಹಲಿಯ ಪಟ್ಟಿಗಳು ಇನ್ನೊಂದು ರೀತಿ. 2006-07ರಲ್ಲಿ ಶುರುವಾದ ಹಿಂದುಳಿದ ಪ್ರದೇಶ ಅನುದಾನ ನಿಧಿ ದೇಶದ 250 ಜಿಲ್ಲೆಗಳನ್ನು ಆರಿಸಿಕೊಂಡಾಗ ಅದರಲ್ಲಿ ಬೀದರ್ ಇಡೀ ಜಿಲ್ಲೆಯಾಗಿ ಸೇರಿತ್ತು. ಅಲ್ಲಿ ಅಳತೆಯ ಘಟಕ ಜಿಲ್ಲೆಯಾದ್ದರಿಂದ ನಗರ, ಔರಾದ್ ಎಂಬ ಭೇದವಿಲ್ಲ. 2018ರಲ್ಲಿ ನೀತಿ ಆಯೋಗ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮ ತಂದಾಗ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಬಂದವು, ಬೀದರ್ ಬರಲಿಲ್ಲ. ಹನ್ನೆರಡು ವರ್ಷದಲ್ಲಿ ಜಿಲ್ಲೆ ಅಷ್ಟು ಮುಂದಕ್ಕೆ ಹೋಯಿತು ಎಂದೇನೂ ಇದರರ್ಥವಲ್ಲ. ಆರಿಸಿದ ಜಿಲ್ಲೆಗಳ ಸಂಖ್ಯೆ ಕಡಿಮೆಯಾಯಿತು, ಮಾನದಂಡ ಬದಲಾಯಿತು, ಗೆರೆ ಎಳೆದ ಜಾಗ ಬೇರೆಯಾಯಿತು. ‘ಕೇಂದ್ರವೇ ನಮ್ಮನ್ನು ಹಿಂದುಳಿದ ಜಿಲ್ಲೆ ಎಂದಿದೆ’ ಎಂದು ಮನವಿಯಲ್ಲಿ ಬರೆಯುವವರು ವರ್ಷ ನಮೂದಿಸದಿದ್ದರೆ ಅಧಿಕಾರಿ ಹೊಸ ಪಟ್ಟಿ ತೋರಿಸಿ ಕಡತ ಮುಚ್ಚುತ್ತಾನೆ.

ಇದೆಲ್ಲಕ್ಕಿಂತ ಕುತೂಹಲದ್ದು ಸಂವಿಧಾನದ 371ಜೆ. ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಈ ಭಾಗದವರು ಹಿಂದುಳಿದವರೆಂಬ ಕಾರಣಕ್ಕೇ 98ನೆಯ ತಿದ್ದುಪಡಿಯಿಂದ ಬಂದ ವಿಧಿ ಅದು ಎಂದು ಎಲ್ಲರೂ ಹೇಳುತ್ತಾರೆ, ಚಾರಿತ್ರಿಕವಾಗಿ ಸರಿಯೂ ಹೌದು. ಆದರೆ ವಿಧಿಯ ಪಠ್ಯದಲ್ಲಿ ಹಿಂದುಳಿದ ಎಂಬ ವಿಶೇಷಣವೇ ಇಲ್ಲ. ಅಲ್ಲಿರುವುದು ಹಣದ ನ್ಯಾಯಯುತ ಹಂಚಿಕೆ, ನ್ಯಾಯಯುತ ಅವಕಾಶ, ಆ ಪ್ರದೇಶಕ್ಕೆ ಜನ್ಮದಿಂದ ಅಥವಾ ವಾಸದಿಂದ ಸೇರಿದವರು ಎಂಬ ಮಾತುಗಳು. ಇದರ ಪರಿಣಾಮ ನೇರವಾಗಿ ನೌಕರಿಯ ಮೇಲಿದೆ. 2013ರ ಆದೇಶದ ಪ್ರಕಾರ ಪ್ರದೇಶದೊಳಗಿನ ರಾಜ್ಯ ಸರ್ಕಾರಿ ಹುದ್ದೆಗಳಲ್ಲಿ ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85, ಬಿ ಗುಂಪು ಹಾಗೂ ಎ ಗುಂಪಿನ ಕಿರಿಯ ಶ್ರೇಣಿಯಲ್ಲಿ ಶೇ 75 ಸ್ಥಳೀಯರಿಗೆ. ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಇದಕ್ಕೆ ಜಾತಿ ಬೇಕಿಲ್ಲ, ಬಡತನವೂ ಬೇಕಿಲ್ಲ, ಬೇಕಾದದ್ದು ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ. ಬೀದರ್ ನಗರದ ವೈದ್ಯರ ಮಗಳೂ ಔರಾದ್‌ನ ಕೂಲಿಯ ಮಗನೂ ಈ ಕಾಗದದ ಮುಂದೆ ಸಮಾನರು. ಜಾತಿ ಪ್ರಮಾಣಪತ್ರ ಇದ್ದವರಿಗೆ ಇದು ತಾನಾಗಿ ಬರುವುದಿಲ್ಲ, ಇದಿದ್ದವರಿಗೆ ಅದು ಬರುವುದಿಲ್ಲ. ಎರಡಕ್ಕೂ ಅರ್ಹರಿದ್ದರೆ ಎರಡನ್ನೂ ಮಾಡಿಸಬೇಕು. 2019ರಲ್ಲಿ ಪ್ರದೇಶದ ಹೆಸರು ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಸಂವಿಧಾನದ ವಿಧಿಯಲ್ಲಿ ಮಾತ್ರ ಹಳೆ ಹೆಸರೇ ಇದೆ, ಹಾಗಾಗಿ ಹಳೆ ಕಾಗದ ಕಂಡರೆ ಗಾಬರಿ ಬೇಡ.

ಇಷ್ಟೆಲ್ಲ ಗೊಂದಲವಿರುವ, ಮೇಲಾಗಿ ಅವಮಾನಿಸುವ ಶಬ್ದವನ್ನು ಬಿಟ್ಟೇಬಿಡಬಾರದೇ ಎಂಬ ಆಕ್ಷೇಪವಿದೆ. ದೆಹಲಿ ಅದನ್ನು ಮಾಡಿ ನೋಡಿದೆ. ಜಿಲ್ಲೆಗಳ ವಿಷಯದಲ್ಲಿ ‘ಹಿಂದುಳಿದ’ ಹೋಗಿ ‘ಮಹತ್ವಾಕಾಂಕ್ಷೆ’ ಬಂತು. ಕಿವಿಗೆ ಹಿತ, ನಿಜ. ಆದರೆ ಆಕಾಂಕ್ಷೆ ಯಾರಿಗಿಲ್ಲ? ಹಳೆಯ ಶಬ್ದದಲ್ಲಿ ಯಾರಿಗಿಂತ ಎಂಬ ಹೋಲಿಕೆ ಇತ್ತು, ಹೋಲಿಕೆಯಿಂದ ಹಕ್ಕಿನ ಪ್ರಶ್ನೆ ಹುಟ್ಟುತ್ತಿತ್ತು. ಹೊಸ ಶಬ್ದ ಅದನ್ನು ಒರೆಸಿಹಾಕುತ್ತದೆ. ಮೀಸಲಾತಿ, ವಿದ್ಯಾರ್ಥಿನಿಲಯ, ಆಯೋಗ ಎಲ್ಲವೂ ಸಂವಿಧಾನದ ಆ ವಿಶೇಷಣಕ್ಕೆ ಕಟ್ಟಿದ ವ್ಯವಸ್ಥೆಗಳು. ನಂಜುಂಡಪ್ಪ ಸಮಿತಿ ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಕೇಳಿದ್ದೂ ಆ ವಿಶೇಷಣದ ಆಧಾರದಲ್ಲೇ. ಕಾಗದದಿಂದ ಅದನ್ನು ತೆಗೆಯಬೇಕೆನ್ನುವವರು ಜೊತೆಗೆ ಹೋಗುವುದು ಏನೇನು ಎಂದೂ ಹೇಳಬೇಕಾಗುತ್ತದೆ. ಇನ್ನು ಕೆಲವರದು ಅಭಿಮಾನದ ಉತ್ತರ: 1472ರಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿದ ಊರನ್ನು, ಬಹಮನಿಗಳ ರಾಜಧಾನಿಯನ್ನು ಹಿಂದುಳಿದದ್ದು ಎನ್ನುವುದೇ? ಆ ಮದರಸಾ ದೊಡ್ಡದೇ, ಆದರೆ 35 ಮಾನದಂಡಗಳಲ್ಲಿ ಅದಕ್ಕೆ ಅಂಕವಿಲ್ಲ. ಹದಿನೈದನೆಯ ಶತಮಾನವನ್ನು ತೋರಿಸಿ ಇಪ್ಪತ್ತೊಂದನೆಯ ಶತಮಾನದ ಸೂಚ್ಯಂಕಕ್ಕೆ ಉತ್ತರ ಕೊಡಲಾಗುವುದಿಲ್ಲ. ಅದಕ್ಕಿಂತ ಗಟ್ಟಿ ಸಾಕ್ಷ್ಯ ಭಾಲ್ಕಿಯಲ್ಲಿದೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ತಮ್ಮ ಭಾಷೆಯ ಶಾಲೆಗೂ ಮರೆ ಬೇಕಾಗಿದ್ದ ಜನರ ಮುಂದಿನ ತಲೆಮಾರಿನ ಸಾಕ್ಷರತೆಯನ್ನು ಅಳೆಯುವಾಗ, ಹಿಂದೆ ಉಳಿದರೋ ಉಳಿಸಲ್ಪಟ್ಟರೋ ಎಂಬ ಪ್ರಶ್ನೆ ಕೇಳಲೇಬೇಕಾಗುತ್ತದೆ. ಬೀದರ್ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲೂ ರಾಜ್ಯದ ಸರಾಸರಿಗಿಂತ ಕಡಿಮೆಯೇ ಇತ್ತು.

ಸಾಮಾನ್ಯರು ಮಾತಿಗೆ ಬಳಸುವ ಶಬ್ದಕ್ಕೆ ಇಷ್ಟು ಲೆಕ್ಕಾಚಾರ ಏಕೆ ಎಂಬುದು ಮೂರನೆಯ ಆಕ್ಷೇಪ. ಮಾತಿಗೆ ಬೇಡ, ಒಪ್ಪೋಣ. ಆದರೆ ಮಾತಿನಲ್ಲೇ ಅದು ಪ್ರದೇಶದಿಂದ ಮನುಷ್ಯನ ಮೇಲೆ ಜಾರುವುದು. ಏರಿಯಾ ಬ್ಯಾಕ್‌ವರ್ಡ್ ಎಂದು ಶುರುವಾದದ್ದು ಹುಡುಗರು ಬ್ಯಾಕ್‌ವರ್ಡ್ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ತಾಲ್ಲೂಕಿನ ಸರಾಸರಿ ಅಲ್ಲಿನ ಯಾವೊಬ್ಬ ವಿದ್ಯಾರ್ಥಿಯ ಅಂಕಪಟ್ಟಿಯೂ ಅಲ್ಲ. ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದಲೆಂದು ಹೊರ ರಾಜ್ಯಗಳ ಮಕ್ಕಳೂ ಬೀದರ್ ನಗರಕ್ಕೆ ಬರುತ್ತಿರುವ ಕಾಲದಲ್ಲಂತೂ ಈ ಜಾರುವಿಕೆಗೆ ಆಧಾರವೇ ಇಲ್ಲ. ಕಲಿಕೆಯಲ್ಲಿ ನಿಧಾನವಿರುವ ಮಗುವಿಗೆ ಹಿಂದೆ ಇಂಗ್ಲಿಷ್ ಶಿಕ್ಷಣಶಾಸ್ತ್ರ ಇದೇ ಶಬ್ದ ಬಳಸುತ್ತಿತ್ತು, ಈಗ ಅದನ್ನು ಬಿಟ್ಟಿದೆ. ಶಾಲೆಯ ಪ್ರಗತಿಪತ್ರದಲ್ಲಿ ಬರೆಯುವ ಶಿಕ್ಷಕರು ‘ಭಾಗಾಕಾರದಲ್ಲಿ ಇನ್ನೂ ಅಭ್ಯಾಸ ಬೇಕು’ ಎಂದರೆ ಪೋಷಕರಿಗೆ ಉಪಯೋಗ. ಸಂದರ್ಶನದಲ್ಲಿ ‘ಐ ಆ್ಯಮ್ ಫ್ರಮ್ ಎ ಬ್ಯಾಕ್‌ವರ್ಡ್ ಏರಿಯಾ’ ಎಂದು ಶುರುಮಾಡುವ ಅಭ್ಯಾಸವೂ ಹೋಗಬೇಕು. ಎದುರಿಗೆ ಕೂತವರಿಗೆ ಅದರಿಂದ ಮಾಹಿತಿ ಏನೂ ಸಿಗುವುದಿಲ್ಲ. ಔರಾದ್ ಪಟ್ಟಣಕ್ಕೆ ರೈಲಿಲ್ಲ, ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬೀದರಿಗೆ ಹೋಗಿ ಓದಿದೆ ಎಂದರೆ ಅದೇ ಸಂಗತಿ ಶ್ರಮವಾಗಿ ಕಾಣುತ್ತದೆ. ಗ್ರಾಮ ಪಂಚಾಯಿತಿಯ ಮನವಿಗೂ ಇದೇ ಸೂತ್ರ. ‘ನಮ್ಮ ಹಿಂದುಳಿದ ಗ್ರಾಮಕ್ಕೆ ಆಸ್ಪತ್ರೆ ಕೊಡಿ’ ಎನ್ನುವ ಬದಲು ‘2002ರ ನಂಜುಂಡಪ್ಪ ವರದಿಯಲ್ಲಿ ಅತ್ಯಂತ ಹಿಂದುಳಿದದ್ದೆಂದು ಗುರುತಿಸಿದ ತಾಲ್ಲೂಕಿನ ನಮ್ಮ ಗ್ರಾಮಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಇಷ್ಟು ಕಿಲೋಮೀಟರ್ ದೂರ’ ಎಂದು ಬರೆದರೆ ಅಧಿಕಾರಿ ಅಲ್ಲಗಳೆಯಲಾರ.

ಆದರೆ ಆ ವರದಿಯೂ ಹಳೆಯದು. ಅದರ ನಂತರ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಬೀದರ್ ವಿಶ್ವವಿದ್ಯಾಲಯ ಬಂದಿದೆ, 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದಿದೆ. ಹಳೆಯ ಸೂಚ್ಯಂಕದಲ್ಲಿ ಇವು ಯಾವುವೂ ಇಲ್ಲ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ 2024ರಲ್ಲಿ ಹೊಸ ಸಮಿತಿ ರಚನೆಯಾದದ್ದು ಈ ಲೆಕ್ಕವನ್ನು ಮತ್ತೆ ಮಾಡುವುದಕ್ಕೇ. ಇನ್ನೊಂದು ತೊಡಕು ಗಡಿಯದು. 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಕಮಲನಗರ, ಹುಲಸೂರು, ಚಿಟಗುಪ್ಪ ಎಂಬ ಮೂರು ಹೊಸ ತಾಲ್ಲೂಕುಗಳಾದವು. 2002ರ ಪಟ್ಟಿಯಲ್ಲಿ ತಮ್ಮ ತಾಲ್ಲೂಕಿನ ಹೆಸರೇ ಇಲ್ಲವಲ್ಲ ಎಂದು ಕಮಲನಗರದವರು ಸೌಲಭ್ಯ ಬಿಡಬೇಕಾಗಿಲ್ಲ. ಅವರು ಔರಾದ್ ಹೆಸರಿನಡಿ ನೋಡಬೇಕು, ಹುಲಸೂರಿನವರು ಬಸವಕಲ್ಯಾಣದಡಿ, ಚಿಟಗುಪ್ಪದವರು ಹುಮನಾಬಾದ್‌ನಡಿ. ಅರ್ಜಿಯಲ್ಲಿ ಈಗಿನ ತಾಲ್ಲೂಕಿನ ಹೆಸರು ಬರೆದು ಪಕ್ಕದಲ್ಲಿ ಹಿಂದಿನದನ್ನೂ ನಮೂದಿಸಿದರೆ ಕಚೇರಿಯಲ್ಲಿ ಪ್ರಶ್ನೆ ಏಳುವುದಿಲ್ಲ.